ಬ್ಯಾಡ ಅಂದ ಸೀಟು

"ಬ್ಯಾಡ ಅಂದ್ಬುಟ್ಟೆ ಕಣವ್ವ!" ಎನ್ನುತ್ತಲೇ ಬೋರಯ್ಯ ಒಳಗೆ ಬಂದ. ಹೆಗಲ ಟವೆಲ್ಲು ತೆಗೆದು ಕೊಡವಿದ ರೀತಿ ನೋಡಿದರೆ, ಯಾರನ್ನೋ ಕುಸ್ತಿಯಲ್ಲಿ ಕೆಡವಿ ಬಂದವನ ಹಾಗಿತ್ತು. "ಮಕಕ್ಕೆ ಒಡ್ದಂಗೆ ಅಂದ್ಬುಟ್ಟೆ. ನಿಮ್ ಸೀಟೂ ಬ್ಯಾಡ, ನಿಮ್ ಸಾವಾಸಾನೂ ಬ್ಯಾಡ, ಯಾರ್ಗ್ ಬೇಕೋ ಅವರ್ಗೇ ಕೊಟ್ಕಳಿ ಅಂದೆ."

ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಮಗಳು ಅನು ತಲೆ ಎತ್ತಿದಳು. "ಯಾರಿಗಪ್ಪ?"

"ಪಂಚಾಯ್ತಿ ಎಲೆಕ್ಷನ್ನೋರ್ಗೆ. ಇನ್ಯಾರ್ಗೆ? ಫೋನ್ ಮಾಡಿದ್ರು."

ಅದು ತೊಂಬತ್ತಮೂರರ ಚುನಾವಣೆ. ಮಾಕವಳ್ಳಿ ಪಕ್ಕದ ಆ ಊರಿನಲ್ಲಿ ತಮ್ಮ ಬೀದಿಯ ಸೀಟು ಹೆಂಗಸರಿಗೆ ಅಂತ ಆದಾಗಿನಿಂದ ಬೋರಯ್ಯನಿಗೆ ನೆಮ್ಮದಿಯಿರಲಿಲ್ಲ. ಊರ ಯಜಮಾನ ಹೊನ್ನಪ್ಪ ಕಂಡಕಂಡಲ್ಲಿ ಹಿಡಿದು, "ನಿನ್ ಮಗ್ಳು ಓದಿರೋದೇ ರಾಜಕೀಯ. ನಿಲ್ಸ್‌ಬುಡ್ಲಾ. ಅವ್ಳು ರುಜು ಆಕುದ್ರೆ ಸಾಕು, ಮಿಕ್ಕಿದ್ದ ನಾನ್ ನೋಡ್ಕತೀನಿ" ಅನ್ನುತ್ತಿದ್ದ. ರಾಜ್ಯಶಾಸ್ತ್ರವೇ ಬೇರೆ, ರಾಜಕೀಯವೇ ಬೇರೆ ಅಂತ ಎಷ್ಟು ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ಹೇಳುವ ಬೋರಯ್ಯನಿಗಾದರೂ ಅದು ಪೂರ್ತಿ ಗೊತ್ತಿತ್ತೇ ಅಂದರೆ, ಇಲ್ಲ ಅನ್ನಿ. ಮಗಳು ಇನ್ನೂ ಓದಬೇಕು ಅಂತಾಳೆ, ಓದಲಿ. ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಅನು ಪಿಎಚ್.ಡಿ.ಗೆ ಎರಡು ಕಡೆ ಅರ್ಜಿ ಹಾಕಿದ್ದಳು. ಒಂದು ಕಡೆ ಆಗುವುದಿಲ್ಲ ಅಂದರು. ಇನ್ನೊಂದು ವಿಶ್ವವಿದ್ಯಾನಿಲಯದ ಸಂದರ್ಶನದಲ್ಲಿ, ಏನನ್ನು ಅಧ್ಯಯನ ಮಾಡ್ತೀರಮ್ಮ ಎಂದು ಕೇಳಿದಾಗ, "ಹಿಂದೆ ಮಂಡಲ ಪಂಚಾಯ್ತಿಯಲ್ಲಿ ಗೆದ್ದ ಹೆಂಗಸರ ಬದಲು ಮಾತಾಡಿದವರು ಯಾರು ಅನ್ನೋದನ್ನ ಸಾರ್" ಅಂದಿದ್ದಳು. ಮೇಷ್ಟ್ರುಗಳು ತಲೆದೂಗಿದ್ದರು. ಆದರೂ ಇದ್ದ ಸೀಟುಗಳು ಮುಗಿದು ಅವಳ ಹೆಸರು ಕಾಯುವವರ ಸಾಲಿಗೆ ಬಿತ್ತು. ಯಾರಾದರೂ ಬಿಟ್ಟರೆ ಫೋನ್ ಮಾಡುತ್ತೇವೆ ಅಂದಿದ್ದರು. ಊರಿಗಿದ್ದ ಫೋನು ತಮ್ಮಯ್ಯನ ಗೊಬ್ಬರದಂಗಡಿಯಲ್ಲಿ. ಆ ನಂಬರನ್ನೇ ಕೊಟ್ಟು ಬಂದಿದ್ದಳು. ಆಸೆ ಹುಟ್ಟಿಸಿ ಆಮೇಲೆ ಆಗದೇ ಹೋದರೆ ಅಪ್ಪ ನೊಂದುಕೊಳ್ಳುತ್ತಾನೆ ಅಂತ ಮನೆಯಲ್ಲಿ ಫೋನಿನ ಮಾತೇ ಎತ್ತಿರಲಿಲ್ಲ. ಏನಿದ್ದರೂ ಟಪಾಲಿನಲ್ಲಿ ಬರುತ್ತದೆ ಅಂತ ಅವನು ತಿಳಿದಿದ್ದ.

"ಫೋನ್ನಲ್ಲಿ ಅಂದ್ಯಾ ಅಪ್ಪ?" ಅನು ಮೊರ ಕೆಳಗಿಟ್ಟಳು.

"ಊಂ. ತಮ್ಮಯ್ಯನ ಅಂಗ್ಡೀಲಿ ಯೂರಿಯಾ ಕೇಳ್ತಾ ನಿಂತಿದ್ದೆ. ಫೋನು ನಿನ್ನೇ ಕೇಳ್ಕಂಡ್ ಬಂತು. ಗೊರಗೊರ ಅಂತಿತ್ತು, ಎಲ್ಲಿಂದ ಅಂತ ಸರ್ಯಾಗಿ ಕೇಳಿಸ್ನಿಲ್ಲ. ನಿಮ್ ಮಗಳಿಗೆ ಸೀಟಾಗಿದೆ, ಒಪ್ಪಿಗೆನಾ ಅಂತವ್ನೆ. ಇವತ್ತೇ ಏಳ್ಬೇಕಂತೆ, ಇಲ್ದಿದ್ರೆ ಮುಂದ್ಲೋರ್ಗೆ ಕೊಟ್ಬುಡ್ತಾರಂತೆ! ನಂಗೇ ಗಡುವು ಕೊಡ್ತಾನೆ! ಎರಡು ಸಲ ಕೇಳ್ದ, ಯೋಚ್ನೆ ಮಾಡಿ ಅಂತ. ಮಾತು ಬಲೇ ಮರ್ವಾದೆ." ಬೋರಯ್ಯ ನಕ್ಕ. "ಎಲೆಕ್ಷನ್ ಮುಗಿಯೋಗಂಟ ಎಲ್ರೂ ಮರ್ವಾದಸ್ತ್ರೇ ಕಣವ್ವ."

ಅನು ಚಪ್ಪಲಿ ಮೆಟ್ಟಿದಳೋ ಇಲ್ಲವೋ ಅವಳಿಗೇ ಗೊತ್ತಾಗಲಿಲ್ಲ. ಗೊಬ್ಬರದಂಗಡಿಯಲ್ಲಿ ಏದುಸಿರು ಬಿಡುತ್ತಾ ನಂಬರು ತಿರುಗಿಸಿದಳು. ಆ ಕಡೆಯವರು ಪಾಪ, ಒಳ್ಳೆಯವರೇ. "ಛೆ, ಮುಂದಿನವರು ಇಲ್ಲೇ ಕಾಯ್ತಿದ್ರು, ಆಗಲೇ ಒಪ್ಕೊಂಡು ಫೀಸೂ ಕಟ್ಟಿಬಿಟ್ರಲ್ಲಮ್ಮ. ನಿಮ್ಮ ತಂದೆಯವರು ಖಡಾಖಂಡಿತ ಬೇಡ ಅಂದ್ರು. ಅವರೇ ತಾನೆ ಮಾತಾಡಿದ್ದು?"

"ಹೌದು ಸಾರ್," ಅಂದಳು ಅನು. "ಅವರೇ."

ಮನೆಗೆ ಬಂದರೆ, ಅವಳು ಬಿಟ್ಟುಹೋದ ಅವರೆಕಾಯಿಯನ್ನು ಬೋರಯ್ಯ ಬಿಡಿಸುತ್ತಾ ಕೂತಿದ್ದ. ಬಹಳ ದಿನದ ಮೇಲೆ ಅವನ ಮುಖ ಹಗುರಾಗಿತ್ತು. "ಇನ್ನು ನೀನು ನಿಸೂರಾಗಿ ಓದ್ಕಾ ಕಣವ್ವ" ಅಂದ. ಅವಳೂ ಪಕ್ಕ ಕೂತು ಒಂದು ಕಾಯಿ ತೆಗೆದುಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಹೊನ್ನಪ್ಪ ಬಂದ. "ಏನ್ಲಾ ಬೋರ, ನಾಳೀಕ್ ನಾಮಿನೇಸನ್ನು. ಏನ್ ತೀರ್ಮಾನ ಮಾಡ್ದೆ?"

"ಮದ್ಯಾನ್ವೇ ಫೋನ್ನಲ್ಲಿ ಏಳುದ್ನಲ್ಲ, ಬ್ಯಾಡ ಅಂತ. ಮತ್ಯಾಕ್ ಬಂದೆ?"

"ಫೋನಾ? ಎದುರ್ ಮನೇಲಿರೋನು ನಾನ್ಯಾಕ್ಲಾ ಫೋನ್ ಮಾಡಾನ?"

"ನೀನಲ್ದಿದ್ರೆ ಪ್ಯಾಟೆ ಎಲೆಕ್ಷನ್ನೋರು."

"ಲೇ, ಪ್ಯಾಟೆಯೋರ್ಗೆ ನಿನ್ ಮಗಳ ಎಸ್ರೇ ಗೊತ್ತಿಲ್ಲ ಕಣ್ಲಾ. ನೀನು ಊಂ ಅಂದ್ಮೇಲೆ ತಾನೆ ನಾನ್ ಓಗಿ ಏಳೋದು? ಬ್ಯಾಡದಿದ್ರೆ ಬುಡು, ಇನ್ನೊಬ್ಳ ನೋಡ್ತೀನಿ. ಇಲ್ದೋಗಿದ್ ಫೋನ್ ಕತೆ ಕಟ್ಬ್ಯಾಡ." ಹೊನ್ನಪ್ಪ ಗೊಣಗಿಕೊಂಡು ಜಗಲಿ ಇಳಿದ.

ಬೋರಯ್ಯ ಬಾಗಿಲಲ್ಲೇ ನಿಂತಿದ್ದ.

"ಯಾವ್ದೋ ರಾಂಗ್ ನಂಬರ್ ಇರ್ಬೇಕು ಕಣಪ್ಪ" ಎಂದಳು ಅನು, ಒಲೆಯ ಕಡೆ ತಿರುಗಿಕೊಂಡೇ. "ಬಾ, ಊಟಕ್ಕಿಕ್ತೀನಿ."

ಅವನು ಬರಲಿಲ್ಲ. ಹೆಗಲ ಟವೆಲ್ಲನ್ನು ನಿಧಾನವಾಗಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಕುಮಾರಿ ಅನು ಇದ್ದಾರಾ ಅಂತ ಕೇಳ್ದ ಕಣವ್ವ" ಎಂದ. "ನಿನ್ನ ಕುಮಾರಿ ಅನ್ನೋರು ಈ ಸೀಮೇಲಿ ಯಾರವ್ರೆ?"