ಅರ್ಧ ನಿಮಿಷದ ಮೌನ

"ಅರ್ಧ ನಿಮಿಷ ಯಾರೂ ಉಸಿರೆತ್ತಬೇಡಿ!" ಎಂದ ಕಾರ್ಯಕ್ರಮದ ನಿರ್ಮಾಪಕ ಅರ್ಘ್ಯ. ಮಾತಿಗೆ ಮೊದಲು ಕೋಣೆಯ ಬರೀ ಮೌನವನ್ನು ಮುದ್ರಿಸಿಕೊಳ್ಳುವುದು ಆ ಕೋಲ್ಕತ್ತಾ ಸ್ಟುಡಿಯೋದ ಪದ್ಧತಿ. ಫ್ಯಾನು, ಏಸಿ ಎರಡೂ ನಿಂತವು. ಆಗ ಮೈಕಿನ ಮುಂದೆ ಕೂತಿದ್ದ ಸುತಪಾಗೆ ತನ್ನ ಮುಖದ ನೇರಕ್ಕೇ 'ಝಿರ್ರ್' ಎಂದು ಏನೋ ತಿರುಗಿದ್ದು ಕೇಳಿಸಿತು. ಹುಟ್ಟಿನಿಂದ ಕಣ್ಣಿಲ್ಲದವಳ ಕಿವಿ ಅದು. ಮೈಕು ಹಾಗೆ ಸದ್ದು ಮಾಡುವುದಿಲ್ಲ, ಕ್ಯಾಮೆರಾ ಮಾಡುತ್ತದೆ.

ಬೆಳಗಿನಿಂದಲೇ ಅವಳಿಗೆ ಒಳಗೊಳಗೇ ಅನುಮಾನವಿತ್ತು. ಫುಟ್‌ಬಾಲ್ ಹರಟೆಯ ಪಾಡ್‌ಕಾಸ್ಟಿಗೆ ಕೆಂಪಂಚಿನ ಸೀರೆಯೇ ಏಕೆ ಬೇಕು? ಮೂಗಿಗೆ ಪೌಡರ್ ಏಕೆ? ಮೂವತ್ತು ವರ್ಷ ಮೈದಾನದ ಗದ್ದಲ ಕೇಳಿಯೇ ಗೋಲು ಯಾರದೆಂದು ಹೇಳುತ್ತಿದ್ದವಳು ಅವಳು. "ಎಲ್ಲರಿಗೂ ಮೈಕು ಅಂತ ಹೊಸ ಸರಣಿ ದೀದಿ. ಬರೀ ನಿಮ್ಮ ದನಿ, ನಿಮ್ಮ ಆಟದ ಜ್ಞಾನ. ಕಣ್ಣಿನ ವಿಷ್ಯ ಎತ್ತೋದೇ ಇಲ್ಲ" ಎಂದು ಆಣೆ ಇಟ್ಟವನು ಇದೇ ಅರ್ಘ್ಯ.

ಅವಳು ಕುರ್ಚಿಯ ಪಕ್ಕ ತಡಕಾಡಿದಳು. ಅಲ್ಲಿ ಒರಗಿಸಿಟ್ಟಿದ್ದ ಬಿಳಿ ಕೋಲು ಇರಲಿಲ್ಲ. ಅರ್ಧ ನಿಮಿಷ ಮುಗಿಯುತ್ತಲೇ ಕೇಳಿದಳು: "ನನ್ನ ಕೋಲೆಲ್ಲಿ?"

"ಮೇಜಿನ ಮೇಲಿದೆ ದೀದಿ. ಅಲ್ಲೇ ಇರ್ಲಿ ಬಿಡಿ, ಚೆನ್ನಾಗಿ ಕಾಣತ್ತೆ."

"ಯಾರಿಗಪ್ಪಾ?"

ಈ ಸಲ ಯಾರೂ ಹೇಳದೆಯೇ ಎಲ್ಲರೂ ಉಸಿರೆತ್ತದೆ ಕೂತರು. 'ಝಿರ್ರ್' ಮಾತ್ರ ಮತ್ತೊಮ್ಮೆ ಅವಳ ಮುಖದತ್ತ ತಿರುಗಿತು.