ಹನ್ನೊಂದು ಗಿಡದ ಪಾಠ

ಚಳಿ ಹಿಂದೆ ಸರಿದು ಬಿಸಿಲು ಇನ್ನೂ ಚುರುಕಾಗದ ದಿನಗಳು. ಒಂದು ಗುರುವಾರ ಬೆಳಗಿನ ಏಳು ಗಂಟೆಗೆ, ಕಿಟಕಿ ಪಕ್ಕದ ಮಂಚದಿಂದ ಅಕ್ಕ ಕೂಗಿದಳು: “ಲೋ, ಅಲ್ಲೇನು ಬೆಂಕಿ ಬಿದ್ದಿದೆಯೇನೋ?”

ಅಂಗಳದಲ್ಲಿ ತಮ್ಮ ಪೈಪು ಹಿಡಿದು ನಿಂತಿದ್ದ. ಮೂವತ್ತೊಂದು ವರ್ಷ ಫೈರ್ ಇಂಜಿನ್ನಿನಲ್ಲಿ ದುಡಿದ ಕೈ. ಬೀದಿಯವರಿಗೆಲ್ಲ ಅವನು ಫೈರಣ್ಣ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದನೆಂದರೆ ನೀರು ಸುಯ್ಯೆಂದು ಹೋಗಿ ಗುಲಾಬಿಯ ನೆತ್ತಿಗೆ ಬಡಿಯುತ್ತಿತ್ತು. ಬುಡದ ಮಣ್ಣು ಕೊಚ್ಚಿಕೊಂಡು ಮೆಟ್ಟಿಲ ತನಕ ಬಂದಿತ್ತು. ಹನ್ನೊಂದು ಗಿಡಗಳು. ನೆಟ್ಟವಳೂ ಸಾಕಿದವಳೂ ಅಕ್ಕ. ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ ಮೇಲೆ ಅವು ತಮ್ಮನ ಪಾಲಿಗೆ ಬಂದಿದ್ದವು. ಹೆಂಡತಿ ತೀರಿಕೊಂಡಾಗ ಒಂದು ಟ್ರಂಕು ಹಿಡಿದು ಅಕ್ಕನ ಮನೆಗೆ ಬಂದವನು, ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದ.

ಅಕ್ಕನನ್ನು ಕರೆದುಕೊಂಡು ಹೋಗಲು ದೂರದ ಊರಿನಿಂದ ಮಗಳು ಬಂದಿದ್ದಳು. ಕಾಲು ಕೂಡುವ ತನಕ ಎಂದು ಬಾಯಿ ಹೇಳುತ್ತಿತ್ತು. ಇನ್ನು ಮೇಲೆ ಅಲ್ಲೇ ಎಂದು ಮನಸ್ಸು ಹೇಳುತ್ತಿತ್ತು. ಅದು ಮೂವರಿಗೂ ತಿಳಿದಿತ್ತು.

“ಬುಧವಾರ ಹೊರಡೋಣಮ್ಮ.”

“ಇವನು ನೀರು ಹಾಕೋದು ಕಲೀಲಿ, ಆಮೇಲೆ ನೋಡೋಣ. ಇವನ ಕೈಗೆ ಬಿಟ್ಟು ಹೋದ್ರೆ ತಿಂಗಳೊಪ್ಪತ್ತಲ್ಲಿ ಹನ್ನೊಂದು ಕಡ್ಡಿ ಉಳಿಯುತ್ತೆ, ಅಷ್ಟೆ.”

ಅಂದೇ ಪಾಠ ಶುರುವಾಯಿತು. ಮಲಗಿದಲ್ಲಿಗೆ ಅಂಗಳ ಕಾಣುತ್ತಿರಲಿಲ್ಲ, ಸದ್ದಷ್ಟೇ ಕೇಳುತ್ತಿತ್ತು; ಅಕ್ಕ ಅಲ್ಲಿಂದಲೇ ಹೇಳಿದಳು. ಮೊದಲು ಬೆರಳು ಮಣ್ಣಿಗೆ ಇಳಿಸಿ ನೋಡಬೇಕು. ಎರಡು ಗೆಣ್ಣು ಆಳದಲ್ಲೂ ಒಣಗಿದ್ದರೆ ಮಾತ್ರ ನೀರು. ದಿನಾ ಚೂರುಚೂರು ಕೊಟ್ಟರೆ ಬೇರು ಸೋಮಾರಿಯಾಗಿ ಮೇಲೇ ಉಳಿಯುತ್ತದೆ. ವಾರಕ್ಕೆರಡು ಸಲ ಸಾಕು, ಆದರೆ ಹೊಟ್ಟೆ ತುಂಬಾ. ಬುಡದ ಸುತ್ತ ಪಾತಿ ಮಾಡಿ, ನಿಧಾನವಾಗಿ ಸುರಿದು, ಅದು ಇಂಗಿದ ಮೇಲೆ ಇನ್ನೊಂದು ಸಲ. ಎಲೆಗೆ ಹನಿಯೂ ತಾಗಬಾರದು. ತಾಗಿದರೆ ಕಪ್ಪು ಚುಕ್ಕೆ.

“ಅದಕ್ಕೂ ಮೈ ತೊಳೆದ ಹಾಗೆ ಆಗಲ್ವೇನಕ್ಕಾ?”

“ಮೈ ತೊಳೆಯೋಕೆ ಅದೇನು ನಿನ್ನ ಗಾಡೀನಾ? ಬಾಯಿ ಮುಚ್ಕೊಂಡು ಬುಡಕ್ಕೆ ಹಾಕೋ.”

ಶುಕ್ರವಾರ ಮತ್ತೆ ಪಟಪಟ ಸದ್ದು. ಶನಿವಾರವೂ ಅದೇ. ಭಾನುವಾರ ಅಕ್ಕ ಕೋಲಿನಿಂದ ಕಿಟಕಿಯ ಸರಳಿಗೆ ಬಡಿದಳು. “ನಾಯಿ ಬಾಲಕ್ಕೆ ನಳಿಗೆ ಕಟ್ಟಿದ್ರೂ ಇಷ್ಟು ಹೊತ್ತಿಗೆ ನೆಟ್ಟಗಾಗ್ತಿತ್ತು ಕಣೋ!”

“ನಾಳೆ ಸರಿ ಮಾಡ್ತೀನಿ ಅಕ್ಕ,” ಎಂದು ತಮ್ಮ ತಲೆ ಕೆರೆದುಕೊಂಡ.

ಮಂಗಳವಾರ ಬೆಳಕು ಹರಿಯುವ ಮೊದಲೇ ಮಗಳಿಗೆ ಎಚ್ಚರವಾಯಿತು. ಮುಂಬಾಗಿಲು ಓರೆಯಾಗಿತ್ತು. ಹೊರಗೆ ಬಂದು ನೋಡಿದರೆ ಮಾಮ ಮಂಡಿಯೂರಿ ಕೂತಿದ್ದಾನೆ. ಗಿಡದ ಬುಡಕ್ಕೆ ಬೆರಳು ಇಳಿಸಿದ, ಮೂಸಿದ, ಡಬ್ಬದಿಂದ ಸಣ್ಣ ಧಾರೆಯಾಗಿ ಪಾತಿಗೆ ಸುರಿದ. ಇಂಗುವವರೆಗೆ ಕಾದ. ಮತ್ತೆ ಸುರಿದ. ಒಂದು ಎಲೆಯೂ ನೆನೆಯಲಿಲ್ಲ. ಹೀಗೆ ಹನ್ನೊಂದೂ ಮುಗಿಸಿ ಎದ್ದವನು ಅವಳನ್ನು ಕಂಡು, ಕದ್ದು ಸಿಕ್ಕಿಬಿದ್ದವನ ಹಾಗೆ ಡಬ್ಬವನ್ನು ಬೆನ್ನ ಹಿಂದೆ ಹಿಡಿದುಕೊಂಡ.

“ಯಾವಾಗ ಬಂತು ಮಾಮ ಇದು?”

“ಎರಡನೇ ದಿನಕ್ಕೇ ಬಂತು. ಇದರಲ್ಲೇನಿದೆ ಬ್ರಹ್ಮವಿದ್ಯೆ.” ಡಬ್ಬವನ್ನು ಮುಂದೆ ತಂದು ಮೆಟ್ಟಿಲ ಮೇಲಿಟ್ಟ. “ಬಂತು ಅಂದ್ರೆ ನೀನು ಕರ್ಕೊಂಡು ಹೊರಟುಬಿಡ್ತೀಯಲ್ಲ ತಾಯಿ.”

ಏಳು ಗಂಟೆಗೆ ಅವನು ಪೈಪು ಹಿಡಿದು, ಗುಲಾಬಿಗಳನ್ನು ದಾಟಿ, ಗೋಡೆ ಪಕ್ಕದ ದಾಸವಾಳದ ಮೇಲೆ ನೀರು ಹಾರಿಸತೊಡಗಿದ. ಮಗಳು ಒಳಗೆ ಹೋಗಿ ಮಂಚದ ತುದಿಯಲ್ಲಿ ಕೂತಳು. ಹೇಗೆ ಹೇಳಲಿ ಎಂದು ಅವಳು ಮಾತು ಹುಡುಕುತ್ತಿದ್ದಾಗ ಅಮ್ಮನೇ ಕೈ ಹಿಡಿದು, “ಕೇಳಿಸ್ಕೋ,” ಎಂದಳು.

“ಏನಮ್ಮ?”

“ಗುಲಾಬಿ ಎಲೆ ಸಣ್ಣದು. ಅದರ ಮೇಲೆ ನೀರು ಬಿದ್ರೆ ಸದ್ದು ಹೀಗೆ ದಪ್ಪಗೆ ಬರಲ್ಲ. ಶುಕ್ರವಾರದಿಂದ ದಾಸವಾಳಕ್ಕೇ ಸ್ನಾನ ನಡೀತಿದೆ. ಕತ್ತಲಲ್ಲಿ ಡಬ್ಬ ಇಡೋ ಸದ್ದೂ ಕೇಳುತ್ತೆ. ಒಂದೊಂದು ಗಿಡಕ್ಕೆ ಎರಡೆರಡು ಸಲ ನಿಲ್ತಾನೆ. ನಾನೂ ಅಷ್ಟು ಚೆನ್ನಾಗಿ ಹಾಕ್ತಿರಲಿಲ್ಲ.”

“ಗೊತ್ತಿದ್ದೂ ಬೈತಿದ್ದೀಯಾ?”

“ಬೈದೇ ಇದ್ರೆ ಅವನಿಗೆ ಗೊತ್ತಾಗಿಬಿಡುತ್ತಲ್ಲೇ.”

ಮಗಳು ಬಹಳ ಹೊತ್ತು ಆ ಪ್ಲಾಸ್ಟರ್ ಮೇಲೆಯೇ ಕೈಯಾಡಿಸಿದಳು. “ನಿನ್ನ ಎತ್ತಿ ಕೂರಿಸೋರು ಯಾರಮ್ಮ?”

“ಉರಿಯೋ ಮನೆಯಿಂದ ಜನಾನ ಹೊತ್ತು ತಂದವನು ಅವನು. ನಾನೇನು ಅವರಿಗಿಂತ ಭಾರಾನಾ? ಸ್ನಾನಕ್ಕೆ ಹಿಂದಿನ ಮನೆಯವಳು ಬರ್ತೀನಿ ಅಂದಿದ್ದಾಳೆ.” ಮಗಳ ಮುಖ ನೋಡಿದಳು. “ನಿನ್ನ ಮೇಲೆ ಬೇಜಾರಲ್ಲ ಕಣೇ. ನೀನು ನನ್ನ ರಾಣಿ ಹಾಗೆ ನೋಡ್ಕೋತೀಯ, ನಂಗೊತ್ತು. ಆದ್ರೆ ಅಲ್ಲಿ ನಾನು ಯಾರನ್ನ ಬೈಲಿ?”

ಮಗಳಿಗೆ ಅಳುವಿನ ಜೊತೆಗೇ ನಗು ಬಂತು. ಕಣ್ಣೊರೆಸಿಕೊಂಡು ಎದ್ದವಳು ಕಿಟಕಿಯ ಹತ್ತಿರ ಹೋಗಿ ತಾನೇ ಗಟ್ಟಿಯಾಗಿ ಕೂಗಿದಳು: “ಮಾಮ! ಎಲೆ ಮೇಲೆ ಬೀಳ್ತಿದೆ ನೀರು! ಈ ಜನ್ಮದಲ್ಲಿ ಕಲಿಯಲ್ಲ ಬಿಡು ನೀನು!”

ಅಂಗಳದಲ್ಲಿ ನೀರಿನ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಇನ್ನೂ ಜೋರಾಗಿ ಶುರುವಾಯಿತು.

ಬುಧವಾರ ಬೆಳಗಿನ ಬಸ್ಸಿಗೆ ಮಗಳು ಒಬ್ಬಳೇ ಹೊರಟಳು. ಪಕ್ಕದ ಸೀಟಿನಲ್ಲಿ ಬ್ಯಾಗು ಕೂರಿಸಿದ್ದವಳನ್ನು ಕಂಡು ಕಂಡಕ್ಟರ್ ಟಿಕೆಟ್ ತಿರುಗಿಸಿ ನೋಡಿದ. “ಎರಡು ಸೀಟಲ್ವೇನಮ್ಮ? ಇನ್ನೊಬ್ಬರೆಲ್ಲಿ?”

“ನಮ್ಮಮ್ಮ. ಅವರಿಗೆ ರಜ ಸಿಗಲಿಲ್ಲ.”