ಯಜಮಾನರ ಕೈತುತ್ತು

ನೀಲಿ ಗ್ಲೌಸಿನ ಕೈಯಲ್ಲಿದ್ದ ಒಬ್ಬಟ್ಟಿನ ತುಂಡು ಇನ್ನೇನು ದೊಡ್ಡಕ್ಕನ ಬಾಯಿ ಸೇರಬೇಕು, ಅಷ್ಟರಲ್ಲಿ ನರ್ಸ್ ಭವ್ಯ ವಾರ್ಡಿನ ಆ ತುದಿಯಿಂದ ಓಡಿ ಬಂದಳು.

"ಸಾರ್, ಬೇಡ ಸಾರ್! ಅಜ್ಜಿಗೆ ಶುಗರ್ ಇದೆ. ಬೆಳಗ್ಗೆಯಷ್ಟೇ ಇನ್ನೂರ ನಲವತ್ತಕ್ಕೆ ಇಳಿದಿದೆ."

ಮಂಚದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಊರ ಯಜಮಾನರು ಶಂಕರಲಿಂಗಪ್ಪ ನಕ್ಕರು. ತಲೆಯಿಂದ ಕಾಲವರೆಗೆ ಬಿಳಿ ಪಿಪಿಇ ಕಿಟ್ಟು. ಒಳಗಿರುವುದು ಯಾರೆಂದು ಜನಕ್ಕೆ ಗೊತ್ತಾಗದಿದ್ದರೆ ಸೇವೆ ಮಾಡಿ ಏನು ಬಂತು? ಎದೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರು ದಪ್ಪಗೆ ಬರೆಸಿಕೊಂಡಿದ್ದರು. "ನಂಗೂ ಐತೆ ಕಣಮ್ಮ ಶುಗರ್ರು, ಹದಿನೈದು ವರ್ಷದಿಂದ. ಒಬ್ಬಟ್ಟು ತಿಂದ ದಿನ ಒಂದು ಮಾತ್ರೆ ಜಾಸ್ತಿ ನುಂಗ್ತೀನಿ, ಅಷ್ಟೇಯ. ಒಂದು ತುತ್ತಿಗೆ ಏನೂ ಆಗಕಿಲ್ಲ. ಇವ್ಳು ನಮ್ಮನೆಯವಳು. ಏನೇ ದೊಡ್ಡಕ್ಕ?"

ದೊಡ್ಡಕ್ಕ ತಲೆಯಾಡಿಸಿದಳು. ನಲವತ್ತು ವರ್ಷ ಅವರ ಕೊಟ್ಟಿಗೆ ಗುಡಿಸಿದವಳು, ಅವರಿಗಿಂತ ಹತ್ತು ವರ್ಷ ದೊಡ್ಡವಳು, ಮತ್ತೇನು ಮಾಡಿಯಾಳು?

ಊರಿನ ಹಾಸ್ಟೆಲ್ಲಿನಲ್ಲಿ ಕೋವಿಡ್ ಕೇಂದ್ರ ತೆರೆದು ತಿಂಗಳಾಗಿತ್ತು. ಮುದುಕಿಗೆ ಉಸಿರು ಕಟ್ಟಿದಾಗ ಸ್ಟೆರಾಯ್ಡ್ ಕೊಟ್ಟಿದ್ದರು. ಉಸಿರೇನೋ ಸರಿಹೋಯಿತು, ಮೊದಲೇ ಇದ್ದ ಸಕ್ಕರೆ ನಾನೂರಕ್ಕೆ ಹತ್ತಿ ಕೂತಿತು. "ಇವತ್ತು ಸಂಜೆ ನೋಡ್ತೀನಿ. ಮತ್ತೆ ಮುನ್ನೂರು ದಾಟಿದ್ರೆ ತುಮಕೂರಿಗೆ ಕಳಿಸಲೇಬೇಕು" ಎಂದಿದ್ದರು ಡಾಕ್ಟರು. ದೊಡ್ಡಕ್ಕನ ಕೇರಿಯಿಂದ ತುಮಕೂರಿಗೆ ಹೋದವರು ಇಬ್ಬರು. ಇಬ್ಬರ ಮುಖವನ್ನೂ ಮನೆಯವರು ಮತ್ತೆ ನೋಡಲಿಲ್ಲ. ಅದಕ್ಕೇ ಅವಳು ಮೂರು ದಿನದಿಂದ ಹಠ ಹಿಡಿದಿದ್ದಳು. ಸಕ್ಕರೆ ಹಾಕಿದ ಟೀ ಮುಟ್ಟಿರಲಿಲ್ಲ, ದಾನಿಗಳು ಹಂಚಿದ ಖರ್ಜೂರವನ್ನು ಪಕ್ಕದ ಮಂಚಕ್ಕೆ ದಾಟಿಸಿದ್ದಳು, ಭವ್ಯ ಇನ್ಸುಲಿನ್ ಹಿಡಿದು ಬಂದರೆ ತಾನೇ ಸೆರಗು ಸರಿಸಿ ಹೊಟ್ಟೆ ಕೊಡುತ್ತಿದ್ದಳು.

"ಮೇಡಂ, ನೀವು ಅಡ್ಡ ಬರ್ತಿದ್ದೀರ. ಸ್ವಲ್ಪ ಪಕ್ಕಕ್ಕೆ" ಎಂದ, ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದ ಅಂಜನ್ ಕುಮಾರ್. ಯಜಮಾನರು ಉಸಿರಾಡಿದರೂ ಫೇಸ್‌ಬುಕ್ಕಿಗೆ ಏರಿಸುವುದು ಅವನ ಕೆಲಸ. ಭವ್ಯ ಪಕ್ಕಕ್ಕೆ ಸರಿದಳು. ಗುತ್ತಿಗೆ ನರ್ಸಿನ ಕೋಪ ದವಡೆಗೆ ಮೂಲ.

ದೊಡ್ಡಕ್ಕ ಬಾಯಿ ತೆರೆದಳು. ಮೊದಲ ತುತ್ತು ಇಳಿಯಿತು.

"ಅಣ್ಣ, ನಿಮ್ಮ ಕೈ ಹೆಸರಿಗೆ ಅಡ್ಡ ಬಂತು. ಇನ್ನೊಂದ್ಸಲ."

ಎರಡನೆಯದೂ ಇಳಿಯಿತು. "ಅಜ್ಜಿ ನಗ್ಲಿಲ್ಲ. ಏನೋ ಶಿಕ್ಷೆ ಕೊಟ್ಟಂಗೆ ಕಾಣ್ತದೆ. ಇನ್ನೊಂದ್ಸಲ."

ಏಳೆಂಟು ತುತ್ತಾದ ಮೇಲೆ ದೊಡ್ಡಕ್ಕ ನಕ್ಕಳು. ಒಂದು ತುತ್ತು ಎಂದದ್ದು ತುಪ್ಪದ ಸಮೇತ ಎರಡು ಒಬ್ಬಟ್ಟಾಗಿತ್ತು. ಯಜಮಾನರು ಎದ್ದು ಹೋದರು. ಉಳಿದ ಮಂಚಗಳಿಗೆ ಒಬ್ಬಟ್ಟು ಪೊಟ್ಟಣದಲ್ಲಿ ಬಂತು.

ಸಂಜೆ ಮೀಟರಿನಲ್ಲಿ ನಾನೂರ ಹನ್ನೆರಡು. ಆಂಬುಲೆನ್ಸ್ ಬಾಗಿಲಿಗೆ ಬಂತು. ಅಷ್ಟು ಹೊತ್ತಿಗೆ ಭವ್ಯಳ ಮೊಬೈಲಿಗೂ ಆ ವಿಡಿಯೋ ನಾಲ್ಕು ಕಡೆಯಿಂದ ಬಂದಿತ್ತು. ಮೇಲೆ ಬರೆದಿತ್ತು: 'ಜಾತಿಭೇದ ಅರಿಯದ ಜನಸೇವಕ'.

ದೊಡ್ಡಕ್ಕನ ಬಟ್ಟೆಗಂಟನ್ನು ಗಾಡಿಯೊಳಗಿಡುತ್ತ ಭವ್ಯಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ನಾನು ಬೇಡ ಬೇಡ ಅಂತ ಬಡ್ಕೊಂಡೆನಲ್ಲ ಅಜ್ಜಿ! ಬಾಯಿ ಮುಚ್ಕೊಂಡಿದ್ರೆ ಆಗ್ತಿರ್ಲಿಲ್ವ? ಯಾಕೆ ತಿಂದೆ?"

"ಏನ್ಮಾಡ್ಲವ್ವ. ಹಬ್ಬ ಬಂದಾಗೆಲ್ಲ ಅವ್ರ ಹಿತ್ಲಾಗೆ ಸೆರಗೊಡ್ಕಂಡು ನಿಂತಿದ್ದೋಳು ನಾನು. ಎಲ್ಲಿ ಕೈ ತಾಕ್ತದೋ ಅಂತ ಮೊಳದೆತ್ರದಿಂದ ಒಬ್ಬಟ್ಟು ಬಿಡೋರು. ಇವತ್ತು ಮಗ್ಗುಲಾಗೆ ಕುಂತು ಬಾಯಿಗಂಟ ಕೈ ತಂದ್ರಲ್ಲ, ಮುಟ್ತಾರೇನೋ ಅಂತ ಬಾಯ್ ತೆಗೆದ್ಬುಟ್ಟೆ."

"ಅಷ್ಟು ರುಚಿಯಾಗಿತ್ತಾ?"

"ನಾಲ್ಗೆ ಸತ್ತು ಎಂಟು ದಿನ ಆಯ್ತು ಕಣವ್ವ. ಬೆಲ್ಲನೂ ಗೊತ್ತಾಗ್ಲಿಲ್ಲ, ತುಪ್ಪನೂ ಗೊತ್ತಾಗ್ಲಿಲ್ಲ" ಎಂದಳು ದೊಡ್ಡಕ್ಕ, ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತ. "ತುಟಿಗೆ ರಬ್ರು ತಾಕಿದ್ದೊಂದೇ ಗೊತ್ತಾಗಿದ್ದು."